ಮಾಟಗಾತಿಯ ‘ಫೆಮಿಲಿಯರ್’ಗೆ ಕನ್ನಡದಲ್ಲಿ ಏನನ್ನೋಣ?

1645ರಲ್ಲಿ ಇಂಗ್ಲೆಂಡಿನ ಎಸೆಕ್ಸಿನಲ್ಲಿ ನಡೆದ ಮಾಟಗಾತಿ ವಿಚಾರಣೆಗಳ ಅನುವಾದ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಫೆಮಿಲಿಯರ್’ ಹತ್ತಿರ ಬಂದು ನಿಂತಿದ್ದೇನೆ, ಅಂದರೆ ಮಾಟಗಾತಿಯ ಸೇವೆಗಿರುತ್ತದೆ ಅಂತ ನಂಬಿದ್ದ, ಪ್ರಾಣಿರೂಪದ ದುಷ್ಟಶಕ್ತಿ. ಮ್ಯಾನಿಂಗ್‌ಟ್ರೀಯ ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿಕಾಲಿನ ಮುದುಕಿಯನ್ನು ನಿದ್ದೆಗೆಡಿಸಿ ಕೂರಿಸಿದಾಗ ಬಂದವು ಅಂತ ಮಾಟಗಾತಿಯರನ್ನು ಬೇಟೆಯಾಡುತ್ತಿದ್ದ ಮ್ಯಾಥ್ಯೂ ಹಾಪ್‌ಕಿನ್ಸ್ ಬರೆದಿಟ್ಟ ಪ್ರಾಣಿಗಳಿವು: ಬೆಳ್ಳನೆಯ ಬೆಕ್ಕಿನ ಮರಿ ಹೋಲ್ಟ್, ಕಾಲೇ ಇಲ್ಲದ ಕೊಬ್ಬಿದ ನಾಯಿ ಜಾರ್ಮರಾ, ಎತ್ತಿನ ತಲೆಯ ಬೇಟೆನಾಯಿ ವಿನೆಗರ್ ಟಾಮ್. ‘ಪರಿಚಾರಕ ಪಿಶಾಚಿ’ ಅಂತ ಹಾಕಿದ್ದೇನೆ, ಬಾಯಲ್ಲಿ ನಿಲ್ಲುತ್ತಿಲ್ಲ.

——

ನಿಲ್ಲುವುದೂ ಇಲ್ಲ. ಲ್ಯಾಟಿನ್ ಬೇರು ನೋಡಿ: ಮನೆ, ಮನೆಯಾಳು. ‘ಮನೆದೆವ್ವ’ ಅನ್ನಿ. ಅಚ್ಚಗನ್ನಡ ಇರುವಾಗ ಸಂಸ್ಕೃತದ ಮೂಟೆ ಯಾಕೆ?

——

ಅಚ್ಚಗನ್ನಡವೇ? ‘ದೆವ್ವ’ ದೈವದ ತದ್ಭವ, ಸ್ವಾಮಿ. ‘ಮಾಟಗಾತಿ’ಯಲ್ಲೂ ಮಾಟ ಮಾತ್ರ ನಮ್ಮದು, ಆಡು–ಆಟದ ಹಾಗೆ, ಗಾರ–ಗಾತಿ ‘ಕಾರ’ದಿಂದ ಬಂದದ್ದು. ಮನೆದೆವ್ವ ಅಂದರೆ ಓದುವವರಿಗೆ ಹಾಳುಮನೆ ನೆನಪಾಗುತ್ತದೆ.

ಬೇರು ಬಿಡಿ, ಕಾಯಿದೆ ನೋಡಿ. ಮಾಟದ ವಿರುದ್ಧ ಇಂಗ್ಲೆಂಡ್ ಮಾಡಿದ 1604ರ ಕಾಯಿದೆಯಲ್ಲಿ ದುಷ್ಟಶಕ್ತಿಗೆ ಉಣಿಸಿದರೂ ಮರಣದಂಡನೆ. ತನಿಖೆಯೆಲ್ಲ ಅದರ ಸುತ್ತಲೇ. ಹೆಂಗಸರು ಆರೋಪಿಯ ಮೈ ತಡಕಿ, ಅದು ರಕ್ತ ಹೀರುವ ಮೊಲೆತೊಟ್ಟಿನಂಥ ಗಂಟು ಹುಡುಕುತ್ತಿದ್ದರು. ನರುಲಿಯೋ ಮೂಲವ್ಯಾಧಿಯೋ ಯಾಕಾಗಿರಬಾರದು ಎಂಬ ಆಕ್ಷೇಪಕ್ಕೆ ಹಾಪ್‌ಕಿನ್ಸನೇ 1647ರಲ್ಲಿ ಸಮಜಾಯಿಷಿ ಬರೆಯಬೇಕಾಯಿತು. ಆಮೇಲೆ ಕೋಣೆಯ ನಡುವೆ ಸ್ಟೂಲಿನ ಮೇಲೆ ಕೂರಿಸಿ, ಬಾಗಿಲಲ್ಲಿ ಸಣ್ಣ ತೂತು ಬಿಟ್ಟು, ಹೀರಲು ಯಾವುದು ಬರುತ್ತದೋ ಎಂದು ಕಾವಲು. ಜೇಡ, ನೊಣ ಕಂಡರೆ ಕೊಲ್ಲಬೇಕು. ಕೈಗೆ ಸಿಗದೆ ಹಾರಿಹೋದರೆ ಅದೇ ಸಾಕ್ಷಿ. ಸಾಕಿದ್ದೇ ಅಪರಾಧವಾದ ಮೇಲೆ ‘ಸಾಕುದೆವ್ವ’ ಅನ್ನದೆ ಇನ್ನೇನು?

——

ಯಾರೂ ‘ಭೂತ’ ಅನ್ನಲಿಲ್ಲವಲ್ಲ, ಸಂತೋಷ. ಕರಾವಳಿಯಲ್ಲಿ ಭೂತಕ್ಕೆ ಕೋಲ ಕೊಡುತ್ತೇವೆ. ಮಾಟಗಾರ ಒಲಿಸಿಕೊಂಡು ಛೂಬಿಡುವುದು ಕುಟ್ಟಿಚಾತನನ್ನು. ಸಿದ್ಧ ಪದ ಇದೆ, ಬಳಸಿ.

——

ಅದು ಮಲಯಾಳದ್ದು. ಎಸೆಕ್ಸಿನ ಮುದುಕಿಗೆ ಬೇಡ.

——

ಇಂಗ್ಲಿಷ್ ಎರವಲಾದರೆ ಕಣ್ಣಿಗೊತ್ತಿಕೊಳ್ಳುತ್ತೀರಿ, ಪಕ್ಕದ ಮನೆಯದ್ದಾದರೆ ಮೈಲಿಗೆ. ಇರಲಿ.

——

‘ಸಾಕುದೆವ್ವ’ ಹಾಕಿದೆ, ಉಪಕಾರವಾಯಿತು. ಕೊನೆಯ ಸಾಲು ‘ಅವಳನ್ನು ಸುಟ್ಟರು’ ಅಂತಿದೆ. ‘ದಹಿಸಿದರು’ ಅನ್ನಲೇ?

——

ಎರಡೂ ತಪ್ಪು. ಕುತ್ತಿಗೆ ಬಿಗಿದು ಸುಡುತ್ತಿದ್ದದ್ದು ಸ್ಕಾಟ್ಲೆಂಡಿನಲ್ಲಿ. ಇಂಗ್ಲೆಂಡಿನಲ್ಲಿ ಮಾಟಕ್ಕೆ ನೇಣು. ಕ್ಲಾರ್ಕಳನ್ನು ಚೆಮ್ಸ್‌ಫರ್ಡಿನಲ್ಲಿ ಗಲ್ಲಿಗೇರಿಸಿದರು. ಮೂಲ ಇನ್ನೊಮ್ಮೆ ನೋಡಿ.