ಲೋಟದ ತಳಕ್ಕಿಳಿದ ಕಾಫಿಪುಡಿ

ನಮ್ಮನೆ ಬಳಗ, ಚಿಕ್ಕಮಗಳೂರು
ಭಾನುವಾರ

ಆಲ್ದೂರು ಅತ್ತೆ, 7:12
»ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ
ಎಚ್ಚರ!! ನೀವು ಕುಡಿಯುತ್ತಿರುವುದು ಕಾಫಿಯಲ್ಲ, ವಿಷ!! ಒಂದು ಲೋಟ ನೀರಿಗೆ ನಿಮ್ಮ ಮನೆಯ ಕಾಫಿಪುಡಿ ಹಾಕಿ. ತೇಲಿದರೆ ಅಸಲಿ. ಮುಳುಗಿದರೆ ಚಿಕೋರಿ ಎಂಬ ವಿಷದ ಬೇರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕ್ಯಾನ್ಸರ್ ಪಟ್ಟಿಗೆ ಸೇರಿಸಿದೆ. ಅಂಗಡಿಯವರು ಹೇಳುವುದಿಲ್ಲ. ಹತ್ತು ಜನರಿಗೆ ಕಳಿಸಿ.
ವಿಡಿಯೊ, 28 ಸೆಕೆಂಡ್

ಆಲ್ದೂರು ಅತ್ತೆ, 7:13
ಎಲ್ರೂ ಒಂದ್ಸಲ ನೋಡಿ. ಯಾರನ್ನೂ ಉದ್ದೇಶಿಸಿ ಹಾಕಿದ್ದಲ್ಲ.

ಸಕಲೇಶಪುರ ಬಾವ, 7:31
ಹಂಗಂತ ಬರೆದ ಮೇಲೇ ಗೊತ್ತಾಗಿದ್ದು ಯಾರಿಗೆ ಅಂತ. ಈ ಗುಂಪಲ್ಲಿ ಪುಡಿ ಅಂಗಡಿ ಇಟ್ಟಿರೋದು ನಾನೊಬ್ನೇ ಅತ್ತೆ.

ದೊಡ್ಡಪ್ಪ, 7:40
ಕಲಿಗಾಲ. ಹಾಲಲ್ಲಿ ನೀರು, ಜೇನಲ್ಲಿ ಬೆಲ್ಲ. ಮನುಷ್ಯನಿಗೆ ಆಸೆ ಹೆಚ್ಚಾದರೆ ಹೀಗೇ. ಶುಭೋದಯ 🙏

ಸುಮಿ, 8:05
ಅತ್ತೆ, ವಿಡಿಯೊನ ನಿಲ್ಲಿಸಿ ನಿಲ್ಲಿಸಿ ನೋಡಿ. ಎಡಗಡೆ ಲೋಟಕ್ಕೆ ಪುಡೀನ ಮೇಲಿಂದ ಉದುರಿಸಿ ಬಿಟ್ಟಿದಾರೆ. ಬಲಗಡೆದಕ್ಕೆ 12ನೇ ಸೆಕೆಂಡಿಗೆ ಚಮಚ ಒಳಗೆ ಹೋಗುತ್ತೆ. ಅದೇ ಲೋಟದ ಬಾಯಲ್ಲಿ ಹಬೆ ಕೂತಿದೆ, ಅಂದ್ರೆ ಬಿಸಿನೀರು. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಬಿಸಿನೀರು ಹಾಕಿ ಕಲಕಿದ್ರೆ ಅದು ಪರೀಕ್ಷೆ ಹೆಂಗಾಗುತ್ತೆ? ಮೂಲ ಎಲ್ಲಿದು? ಯಾವ ಲ್ಯಾಬು, ಯಾವ ವರ್ಷ?

ಆಲ್ದೂರು ಅತ್ತೆ, 8:09
ನಂಗೆ ನಮ್ಮ ಮಹಿಳಾ ಮಂಡಳಿ ಗುಂಪಲ್ಲಿ ಬಂತು. ಅವರೇನು ಸುಳ್ಳು ಹೇಳ್ತಾರಾ?

ಸುಮಿ, 8:12
ಅವರು ಹೇಳಿದ್ದಲ್ಲ, ದಾಟಿಸಿದ್ದು. ಮೇಲೆ ಜೋಡಿ ಬಾಣ ಇದೆ ನೋಡಿ. ಕಡಿಮೆ ಅಂದ್ರೂ ಐದು ಕೈ ದಾಟಿ ಬಂದಿದ್ದಕ್ಕೆ ಆ ಗುರುತು ಬೀಳುತ್ತೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನ ಒಂದು ಸಲಕ್ಕೆ ಒಂದೇ ಗುಂಪಿಗೆ ಕಳಿಸಕ್ಕಾಗೋದು. ನಿಮಗೆ ಕಳಿಸಿದವರಿಗೂ ಇದರ ಹುಟ್ಟು ಗೊತ್ತಿರಲ್ಲ.

ಆಲ್ದೂರು ಅತ್ತೆ, 8:15
ನಿನ್ನ ಲಗ್ನಪತ್ರಿಕೇಲಿ ನನ್ನ ಹೆಸರು ತಪ್ಪಾಗಿ ಅಚ್ಚಾಯ್ತಲ್ಲ, ಅವತ್ತು ಇಷ್ಟು ಕಣ್ಣಿಟ್ಟು ನೋಡಿದ್ರೆ ಚೆನ್ನಾಗಿತ್ತು ಕಣೇ.

ಗಿರಿ, 8:20
ಅಜ್ಜಿ ಕಬ್ಬಿಣದ ಬಾಣಲೇಲಿ ಬೀಜ ಹುರಿದ್ರೆ ಕಣದವರೆಗೆ ಘಮ ಬರೋದು. ಬೆಂಚಿಗೆ ಸ್ಕ್ರೂ ಹಾಕಿ ಕೂರಿಸಿದ್ದ ಕೈಮಿಲ್ಲು ಈಗ ಯಾರ ಮನೇಲಿದೆ?

ದೊಡ್ಡಪ್ಪ, 8:22
ಆ ಪ್ರಶ್ನೆ ಬೇಡ.

ಸಕಲೇಶಪುರ ಬಾವ, 8:41
ಪರೀಕ್ಷೆ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳ್ತೀನಿ. ಹುರಿದ ಕಾಫೀಲಿ ಎಣ್ಣೆ ಅಂಶ ಇರುತ್ತೆ, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತೆ, ಅದಕ್ಕೆ ತೇಲುತ್ತೆ. ಹುರಿದ ಚಿಕೋರಿ ನೀರು ಕುಡಿದು ಕೆಲವೇ ಸೆಕೆಂಡಲ್ಲಿ ಇಳಿಯುತ್ತೆ, ಅದರ ಸಕ್ಕರೆ ಕಂದಿರೋದ್ರಿಂದ ಹಿಂದೆ ಕಂದು ಎಳೆ ಬಿಟ್ಕೊಂಡು ಹೋಗುತ್ತೆ. ಅದರಿಂದ ಚಿಕೋರಿ ಇದೆಯೋ ಇಲ್ವೋ ಅಂತ ಗೊತ್ತಾಗುತ್ತೆ. ಎಷ್ಟಿದೆ ಅಂತ ಗೊತ್ತಾಗಲ್ಲ. ಇನ್‌ಸ್ಟಂಟ್ ಪುಡಿಗಂತೂ ಇದು ನಡೆಯೋದೇ ಇಲ್ಲ, ಅದು ಕರಗೋದಕ್ಕೇ ಮಾಡಿದ್ದು. ತುಂಬ ನುಣ್ಣಗೆ ಬೀಸಿದ್ರೂ ಚಮಚ ಒದ್ದೆ ಇದ್ರೂ ಶುದ್ಧ ಕಾಫೀನೇ ತಳ ಕಾಣುತ್ತೆ.

ಸುಮಿ, 8:50
ಮಾಡೋದಾದ್ರೆ ಮೂರು ಗಾಜಿನ ಲೋಟ, ಮೂರಕ್ಕೂ ತಣ್ಣೀರು. ಒಂದರಲ್ಲಿ ಮನೇಲೇ ಹುರಿದು ಬೀಸಿದ ಬೀಜದ ಪುಡಿ ಇರಲೇಬೇಕು, ಅದಿಲ್ದೆ ಉಳಿದೆರಡನ್ನ ಯಾತಕ್ಕೆ ಹೋಲಿಸ್ತೀರಿ? ಕಾಲು ಚಮಚದಷ್ಟು ಮೇಲಿಂದ ಉದುರಿಸಿ. ಕಲಕಬೇಡಿ. ಹತ್ತು ಎಣಿಸಿ.

ಆಲ್ದೂರು ಅತ್ತೆ, 8:53
ಮತ್ತೆ ಕ್ಯಾನ್ಸರ್ರು?

ಸುಮಿ, 9:04
ಅದು ಅರ್ಧ ನಿಜ, ಅದಕ್ಕೇ ನಂಬಿಕೆ ಬರೋದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಕಾಫೀನ ‘ಇರಬಹುದು’ ಅನ್ನೋ ಗುಂಪಿಗೆ ಹಾಕಿತ್ತು, ಮೂತ್ರಕೋಶದ ಕ್ಯಾನ್ಸರ್ ಅನುಮಾನದ ಮೇಲೆ. 2016ರಲ್ಲಿ ಅವರೇ ವಾಪಸ್ ತೆಗೆದ್ರು. ಆಗ ಎಚ್ಚರಿಕೆ ಕೊಟ್ಟಿದ್ದು 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯೋ ಯಾವುದೇ ಪಾನೀಯಕ್ಕೆ, ಬಿಸಿನೀರಾದ್ರೂ ಸರಿ. ಇಲ್ಲಿ ಕಾಫಿ ಇದ್ದ ಜಾಗಕ್ಕೆ ಯಾರೋ ಚಿಕೋರಿ ತಂದು ಕೂರಿಸಿದಾರೆ. ಇನ್ನೊಂದು, ಆ ಪಟ್ಟಿ ಸಾಕ್ಷಿ ಎಷ್ಟು ಗಟ್ಟಿ ಅಂತ ಹೇಳುತ್ತೆ, ಅಪಾಯ ಎಷ್ಟು ದೊಡ್ಡದು ಅಂತಲ್ಲ.

ಗಿರಿ, 9:06
ಹಂಗಾದ್ರೆ ಅಪಾಯ ಇರೋದು ದೊಡ್ಡಪ್ಪಂಗೆ. ಒಲೆಯಿಂದ ಇಳಿಸಿದ್ದು ನೇರ ಬಾಯಿಗೇ.

ದೊಡ್ಡಪ್ಪ, 9:15
ಹಿರಿಯರು ಸುಮ್ಮನೆ ಹೇಳಲಿಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ.

ಸುಮಿ, 9:16
ಬೆಳಿಗ್ಗೆಯಿಂದ ನಾನು ಹೇಳ್ತಿರೋದು ಅದನ್ನೇ ದೊಡ್ಡಪ್ಪ.

ದೊಡ್ಡಪ್ಪ, 9:18
ನೀನು ಹೇಳಿದ ರೀತಿ ಸರಿ ಇರಲಿಲ್ಲ.

ಸಕಲೇಶಪುರ ಬಾವ, 9:25
ಚಿಕೋರಿ ಕಲಬೆರಕೆ ಅಲ್ಲ ಅನ್ನೋದನ್ನೂ ತಿಳ್ಕೊಳ್ಳಿ. ಅದೊಂದು ಗಿಡದ ಬೇರು, ಕೆಫೀನ್ ಇಲ್ಲ. ಮಿಶ್ರಣ ಅಂತ ಮಾರೋ ಪುಡೀಲಿ ತೂಕದಲ್ಲಿ ಕಾಫಿ 51 ಭಾಗಕ್ಕೆ ಕಡಿಮೆ ಇರಂಗಿಲ್ಲ, ಯಾವುದೆಷ್ಟು ಅಂತ ಪ್ಯಾಕೆಟ್ ಮೇಲೆ ಅಚ್ಚು ಹಾಕ್ಬೇಕು. ಹಾಕದೆ ಬೆರೆಸಿದ್ರೆ ಮೋಸ. ಲೋಟ, ನೀರು ಎಲ್ಲ ಆಮೇಲೆ, ಮೊದಲು ಪ್ಯಾಕೆಟ್ ಓದಿ. ಅತ್ತೆ ಮನೆ ಗೃಹಪ್ರವೇಶಕ್ಕೆ ನಾನು ಕೊಟ್ಟಿದ್ದು 80-20, ಐದು ಕೆಜಿ. ಈ ಫಾರ್ವರ್ಡಿನ ಬೇರು ಅಲ್ಲೇ ಇರೋದು ಅಂತಾನೂ ಗೊತ್ತು.

ಗಿರಿ, 9:27
ಅವತ್ತಿನ ಹೋಳಿಗೆ ಮಾತ್ರ ಏನ್ ಚೆನ್ನಾಗಿತ್ತು ಮಾರಾಯ್ರೆ.

ಆಲ್ದೂರು ಅತ್ತೆ, 9:58
ಅಳಿಯಂದ್ರೇ, ಮೊದಲು ಪ್ಯಾಕೆಟ್ ಓದಿ ಅಂದ್ರಲ್ಲ, ಓದಿದೆ. ಅವತ್ತಿನ ಕವರನ್ನ ನಾನು ಬಿಸಾಕಿರ್ಲಿಲ್ಲ, ಅದರಲ್ಲಿ ಕಾಳುಮೆಣಸು ಹಾಕಿಟ್ಟಿದೀನಿ. ಹಿಂದುಗಡೆ ಇರುವೆ ಸಾಲಿನಂಗೆ ಅಕ್ಷರ. ಕಾಫಿ 60, ಚಿಕೋರಿ 40. ಫೋಟೊ ಹಾಕಿದೀನಿ, ದೊಡ್ಡದು ಮಾಡ್ಕೊಂಡು ನೋಡಿ.

ಸಕಲೇಶಪುರ ಬಾವ, 10:20
ಅದು ಬೇರೆ ಕವರ್ ಇರ್ಬೇಕು. ಫೋನ್ ಮಾಡ್ತೀನಿ ಅತ್ತೆ.

ಆಲ್ದೂರು ಅತ್ತೆ, 10:21
ಫೋನ್ ಬೇಡ. ತಾರೀಕು ಅದರ ಮೇಲೇ ಇದೆ, ಗೃಹಪ್ರವೇಶಕ್ಕೆ ನಾಲ್ಕು ದಿನ ಮುಂಚಿಂದು. ನೀವು 80-20ರ ರೇಟು ಹಾಕಿದ ಬಿಲ್ಲೂ ನನ್ನತ್ರ ಇದೆ. ಸುಮೀ, ಈ ಮೂಲ ಸಾಕೇನೇ?