ಸಹಾಯ ಬೇಕು: ಓಟ್ಸ್‌ನ ಲ್ಯಾಬ್ ವರದಿ ಓದಲು ಬರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಗಳು ದಿನಾ ಬೆಳಿಗ್ಗೆ ಓಟ್ಸ್ ತಿನ್ನುತ್ತಾಳೆ. ಕೆಲವು ಕಡೆ ಕೊಯ್ಲಿಗೆ ಮುಂಚೆ ಪೈರು ಒಂದೇ ಸಮ ಒಣಗಲಿ ಅಂತ ಗ್ಲೈಫೋಸೇಟ್ ಕಳೆನಾಶಕ ಹೊಡೆಯುತ್ತಾರೆ. ಅದು ಗಿಡದ ಒಳಗೇ ಸೇರುತ್ತದೆ, ತೊಳೆದರೆ ಪೂರ್ತಿ ಹೋಗುವುದಿಲ್ಲ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದರಿಂದ ಕ್ಯಾನ್ಸರ್ ಬರುವ ಸಂಭವ ಇದೆ ಅಂದಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಅಪಾಯ ಇರಲಾರದು ಅಂದಿತು. ಹೆತ್ತವರು ಯಾರನ್ನು ನಂಬಬೇಕು ಹೇಳಿ?

ಒಂದು ಕಂಪನಿ ಕಳಿಸಿದ ವರದಿಯಲ್ಲಿ ಗ್ಲೈಫೋಸೇಟ್ ಹೆಸರೇ ಇಲ್ಲ. ಸಾಮಾನ್ಯ ಕೀಟನಾಶಕ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಬೇರೆಯೇ ಪರೀಕ್ಷೆ ಬೇಕು ಅಲ್ವಾ? ಆಹಾರ ಲ್ಯಾಬ್‌ನಲ್ಲಿ ಕೆಲಸ ಮಾಡುವವರು ದಯವಿಟ್ಟು ತಿಳಿಸಿ: ಕಂಪನಿಗೆ ಏನಂತ ಬರೆದು ಕೇಳಲಿ? ಸುಮ್ನೆ ಹೆದರಿಸುವ ಫಾರ್ವರ್ಡ್ ಮೆಸೇಜ್ ಬೇಡ.