ಎರಡು ತಿಂಗಳಿಗೊಮ್ಮೆ ಜಂತಿನ ಔಷಧಿ ಕುಡಿಸಿದರೂ ಕುರಿಗಳಿಗೆ ದವಡೆ ಬಾವು, ಯಾಕೆ?

ಹಟ್ಟಿಮನೆ, ಹಿರಿಯೂರು:
ನಮಸ್ಕಾರ. 60 ಬಳ್ಳಾರಿ ಕುರಿ, 15 ಮೇಕೆ ಇವೆ. ಹಗಲು ಬೀಳು ಹೊಲ, ನಾಲೆ ಬಯಲಲ್ಲಿ ಮೇಯುತ್ತವೆ, ರಾತ್ರಿ ರೊಪ್ಪ. ಮಳೆ ಹಿಡಿದ ಮೇಲೆ ಐದಾರು ಕುರಿಗಳಿಗೆ ದವಡೆ ಕೆಳಗೆ ನೀರು ತುಂಬಿದಂಥ ಮೆತ್ತನೆ ಬಾವು ಬಂದಿದೆ. ಸಂಜೆ ಮೇದು ಬಂದಾಗ ದಪ್ಪ ಇರುತ್ತದೆ, ಬೆಳಿಗ್ಗೆಗೆ ಅರ್ಧ ಇಳಿದಿರುತ್ತದೆ. ಜ್ವರ ಇಲ್ಲ, ಬೇಧಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಮೇವು ತಿನ್ನುತ್ತವೆ, ಆದರೆ ಮಂದೆಯಿಂದ ಹಿಂದೆ ಬೀಳುತ್ತವೆ. ಮರಿ ಹಾಕಿ ಒಂದು ತಿಂಗಳಾದ ಕುರಿಗಳಲ್ಲೇ ಜಾಸ್ತಿ.

ಆಲ್ಬೆಂಡಜೋಲ್ 2.5% ದ್ರಾವಣ, ಎರಡು ತಿಂಗಳಿಗೊಮ್ಮೆ ಕುರಿ ಮೇಕೆ ಎರಡಕ್ಕೂ ತಲಾ 5 ಎಂಎಲ್ ಕುಡಿಸುವುದು ಮಾಮೂಲಿ. ನಾಲ್ಕೈದು ವರ್ಷದಿಂದ ಅದೇ ಔಷಧಿ. ಹಿಕ್ಕೆ ಪರೀಕ್ಷೆಯಲ್ಲಿ ಸ್ಟ್ರಾಂಗೈಲ್ (ಹೊಟ್ಟೆ, ಕರುಳಿನ ದುಂಡು ಹುಳುಗಳ ಗುಂಪು) ಮೊಟ್ಟೆ ಹೆಚ್ಚಿದೆ ಎಂದು ಬರೆದಿದ್ದಾರೆ. ಔಷಧಿ ಬದಲಿಸಿದರೆ ಸಾಕಾ, ಬೇರೇನಾದರೂ ಇದೆಯಾ?

ಪಶುವೈದ್ಯ, ದಾವಣಗೆರೆ:
ನೀವು ಬರೆದ ಲಕ್ಷಣ ನೋಡಿದರೆ ಮೊದಲ ಅನುಮಾನ ಆ ಸ್ಟ್ರಾಂಗೈಲ್ ಗುಂಪಿನದೇ ಆದ ಹಿಮಾಂಕಸ್ ಹುಳುವಿನ ಮೇಲೆ. ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಎಂಎಲ್ ರಕ್ತ ಕಳೆಯುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಎಂಎಲ್. ರಕ್ತದ ಜೊತೆ ಪ್ರೋಟೀನೂ ಹೋಗುವುದರಿಂದ ನೀರು ರಕ್ತನಾಳದಿಂದ ಹೊರಗೆ ಜಿನುಗಿ, ತಲೆ ತಗ್ಗಿಸಿ ಮೇಯುವ ಕುರಿಗೆ ದವಡೆಯಲ್ಲಿ ನಿಲ್ಲುತ್ತದೆ. ಸಂಜೆ ದಪ್ಪ, ಬೆಳಿಗ್ಗೆ ಇಳಿತ ಎನ್ನುವುದು ಅದಕ್ಕೇ. ಈ ಹುಳು ಒಂದರಿಂದಲೇ ಸಾಮಾನ್ಯವಾಗಿ ಬೇಧಿ ಆಗುವುದಿಲ್ಲ, ಹಾಗಾಗಿ ಹಿಕ್ಕೆ ಗಟ್ಟಿಯಿದೆ ಅಂತ ಜನ ಮೋಸ ಹೋಗುತ್ತಾರೆ.

ಮರಿ ಹಾಕಿದ ಕುರಿಗಳಲ್ಲೇ ಜಾಸ್ತಿ ಎಂದಿರಿ. ಮರಿ ಹಾಕುವ ಎರಡು ವಾರ ಮುಂಚಿನಿಂದ, ಹಾಲುಣಿಸುವ ಮೊದಲ ಆರೆಂಟು ವಾರ ತಾಯಿಯ ರೋಗ ನಿರೋಧಕ ಶಕ್ತಿ ಕುಗ್ಗುತ್ತದೆ. ಆಗಲೇ ಹುಳು ಬಲಿತು ದಿನಕ್ಕೆ ಐದಾರು ಸಾವಿರ ಮೊಟ್ಟೆ ಇಡುತ್ತದೆ. ಬೆಚ್ಚಗೆ ತೇವವಿದ್ದರೆ ವಾರದೊಳಗೆ ಆ ಮೊಟ್ಟೆಯಿಂದ ಹೊರಬಂದ ಮರಿಹುಳು ಹುಲ್ಲಿನ ಬುಡದ ಮೂರು ಬೆರಳೆತ್ತರಕ್ಕೆ ಹತ್ತಿ ಕುರಿಯ ಬಾಯಿಗೆ ಸೇರುತ್ತದೆ. ಮೂರು ವಾರದಲ್ಲಿ ಅದೂ ಮೊಟ್ಟೆ ಇಡುವ ಹುಳು. ಎರಡು ತಿಂಗಳಿಗೊಮ್ಮೆ ಎಂಬ ಲೆಕ್ಕ ಮಳೆಗಾಲಕ್ಕೆ ಹೊಂದುವುದಿಲ್ಲ, ಬೇಸಿಗೆಯಲ್ಲಿ ಬೇಕಾಗುವುದೂ ಇಲ್ಲ.

ಈಗ ಡೋಸ್. ಕುರಿಗೆ ಆಲ್ಬೆಂಡಜೋಲ್ ಕೆಜಿಗೆ 7.5 ಮಿಲಿಗ್ರಾಂ. 2.5% ದ್ರಾವಣದ ಪ್ರತಿ ಎಂಎಲ್‌ನಲ್ಲಿ 25 ಮಿಲಿಗ್ರಾಂ ಇರುತ್ತದೆ. 30 ಕೆಜಿ ಕುರಿಗೆ 9 ಎಂಎಲ್ ಬೇಕು, ನೀವು ಕೊಟ್ಟದ್ದು 5. ಹುಳು ಸಾಯುವುದಿಲ್ಲ, ಔಷಧಿಗೆ ಪಳಗುತ್ತದೆ ಅಷ್ಟೆ. ವರ್ಷಗಟ್ಟಲೆ ಹೀಗೆ ನಡೆದ ಮಂದೆಯಲ್ಲಿ ಈಗ ಪೂರ್ತಿ ಡೋಸ್ ಕೊಟ್ಟರೂ ಕೆಲಸ ಆಗದಿರುವ ಸಾಧ್ಯತೆ ಇದೆ. ತಿಳಿಯುವ ದಾರಿ ಹೀಗೆ: ಹತ್ತು ಕುರಿಗಳಿಗೆ ಗುರುತು ಹಾಕಿ, ತೂಕಕ್ಕೆ ಸರಿಯಾಗಿ ಕುಡಿಸಿ. ಕುಡಿಸುವ ದಿನ ಒಮ್ಮೆ, 14ನೇ ದಿನ ಒಮ್ಮೆ ಅವೇ ಕುರಿಗಳ ಗುದದಿಂದ ನೇರ ತೆಗೆದ ಹಿಕ್ಕೆಯನ್ನು ಕೊಟ್ಟು ಗ್ರಾಂಗೆ ಎಷ್ಟು ಮೊಟ್ಟೆ ಎಂದು ಎಣಿಸಲು ಹೇಳಿ. ನೆಲದಿಂದ ಎತ್ತಿದ ಹಿಕ್ಕೆ ಬೇಡ. ‘ಹೆಚ್ಚಿದೆ’ ಎಂಬ ವರದಿಯಿಂದ ಪ್ರಯೋಜನವಿಲ್ಲ, ಸಂಖ್ಯೆ ಬೇಕು. ಇಳಿಕೆ 95% ಮುಟ್ಟದಿದ್ದರೆ ಆ ಔಷಧಿಯನ್ನು ನಂಬಬೇಡಿ. ಅದರ ಬದಲು ಫೆನ್‌ಬೆಂಡಜೋಲ್ ತಂದರೆ ಬದಲಿಸಿದ ಹಾಗಲ್ಲ, ಎರಡೂ ಒಂದೇ ಗುಂಪು.

ತಕ್ಕಡಿ ಇಲ್ಲದಿದ್ದರೆ ಟೇಪು ಹಿಡಿಯಿರಿ. ಮುಂಗಾಲ ಹಿಂದಿನ ಎದೆ ಸುತ್ತಳತೆ ಇಂಚಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 28, ಉದ್ದ 26 ಇದ್ದರೆ ಸುಮಾರು 31 ಕೆಜಿ. ಒಂದು ಗುಂಪಿಗೆ ಒಂದೇ ಅಳತೆ ಹಾಕುವುದಾದರೆ ಸರಾಸರಿಗಲ್ಲ, ಆ ಗುಂಪಿನ ಭಾರದ ಕುರಿಗೆ ಹಾಕಿ.

ಮೇಕೆಮಂದೆ, ಕೋಲಾರ:
ಮೇಕೆಗೆ ಕುರಿಯ ಡೋಸ್ ಸಾಲದು ಎಂಬುದನ್ನೂ ಸೇರಿಸಿ. ಮೇಕೆಯ ಮೈಯಲ್ಲಿ ಈ ಔಷಧಿ ಬೇಗ ಕರಗಿ ಹೋಗುತ್ತದೆ. ಹಾಗಂತ ಎಲ್ಲವನ್ನೂ ದುಪ್ಪಟ್ಟು ಮಾಡುವಂತಿಲ್ಲ, ಲೆವಮಿಸೋಲ್ ಎಂಬ ಇನ್ನೊಂದು ಜಂತಿನ ಔಷಧಿ ಸ್ವಲ್ಪ ಹೆಚ್ಚಾದರೂ ಜೊಲ್ಲು ಸುರಿಸಿ ನಡುಗುತ್ತವೆ. ಮೇಕೆಯ ಅಳತೆಯನ್ನು ವೈದ್ಯರಿಂದ ಬೇರೆಯಾಗೇ ಬರೆಸಿಕೊಳ್ಳಿ.

ಕುಡಿಸುವ ಕೈಯೂ ಮುಖ್ಯ. ನಳಿಕೆಯನ್ನು ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಸಂದಿಯಲ್ಲಿ ತೂರಿಸಿ ನಾಲಿಗೆಯ ಹಿಂಭಾಗಕ್ಕೆ ಬಿಡಬೇಕು. ನಾಲಿಗೆ ತುದಿಗೆ ಸುರಿದರೆ ಅನ್ನನಾಳದ ಒಂದು ಮಡಿಕೆ ಮುಚ್ಚಿಕೊಂಡು ಔಷಧಿ ದೊಡ್ಡ ಹೊಟ್ಟೆ ತಪ್ಪಿಸಿ ನೇರ ಮುಂದೆ ಓಡುತ್ತದೆ, ಹುಳು ಜೊತೆ ಬೇಕಾದಷ್ಟು ಹೊತ್ತು ಇರುವುದಿಲ್ಲ. ತಲೆ ಮೇಲಕ್ಕೆತ್ತಿ ಹಿಡಿದು ಸುರಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ಮೂಗಿನ ತುದಿ ಕಣ್ಣಿಗಿಂತ ಮೇಲೆ ಹೋಗಬಾರದು.

ಸೀರೆಹಳ್ಳ, ಗಂಗಾವತಿ:
ಡಾಕ್ಟ್ರು ಹೇಳಿದ್ದು ಸರಿ, ಆದರೆ ‘ನಾಲೆ ಬಯಲು’ ಅಂದ ಮೇಲೆ ಈಲಿಯ (ಲಿವರ್) ಚಪ್ಪಟೆ ಹುಳುವನ್ನು ಬಿಟ್ಟು ಮಾತಾಡುವುದು ಹೇಗೆ? ದವಡೆ ಬಾವು, ಬಿಳಿಚಿದ ಕಣ್ಣು ಅದರಲ್ಲೂ ಬರುತ್ತದೆ. ಅದರ ಮರಿಹುಳು ನಿಂತ ನೀರಿನ ಚಿಕ್ಕ ಬಸವನಹುಳುವಿನಿಂದ ಹೊರಬಿದ್ದು ನೀರಂಚಿನ ಹುಲ್ಲಿಗೆ, ಭತ್ತದ ಬುಡಕ್ಕೆ ಅಂಟಿಕೊಂಡಿರುತ್ತದೆ. ಹಿಕ್ಕೆ ವರದಿಯಲ್ಲಿ ಇಲ್ಲ ಎಂದರೆ ಇಲ್ಲ ಅಂತಲ್ಲ. ಉಪ್ಪುನೀರಲ್ಲಿ ತೇಲಿಸುವ ಪರೀಕ್ಷೆಯಲ್ಲಿ ಹಿಮಾಂಕಸ್ ಮೊಟ್ಟೆ ತೇಲುತ್ತದೆ, ಚಪ್ಪಟೆ ಹುಳುವಿನ ಮೊಟ್ಟೆ ಭಾರ, ತಳಕ್ಕಿಳಿಯುತ್ತದೆ. ತಳ ಸೇರಿಸಿ ನೋಡುವ ಪರೀಕ್ಷೆ ಕೇಳಿ.

ಒಂದು ಕುರಿ ಸತ್ತರೆ ಹೂಳುವ ಮುಂಚೆ ಕೊಯ್ದು ನೋಡಿಸಿ. ನಾಲ್ಕನೇ ಹೊಟ್ಟೆ ಸೀಳಿದರೆ ಕೆಂಪು ಬಿಳಿ ದಾರ ಹೊಸೆದ ಹಾಗೆ ಒಂದಿಂಚಿನೊಳಗಿನ ಹುಳು ಹೊರಳುತ್ತಿದ್ದರೆ ಹಿಮಾಂಕಸ್. ಈಲಿ ಗಟ್ಟಿಯಾಗಿ, ಪಿತ್ತನಾಳ ದಪ್ಪಗಾಗಿ, ಕೊಯ್ದು ಹಿಸುಕಿದರೆ ಎಲೆಯಂಥ ಹುಳು ಜಾರಿ ಬಂದರೆ ಇನ್ನೊಂದು. ಎರಡೂ ಇದ್ದರೂ ಆಶ್ಚರ್ಯವಿಲ್ಲ.

ಹಟ್ಟಿಮನೆ, ಹಿರಿಯೂರು:
ಎರಡೂ ಇದ್ದರೆ ಎರಡಕ್ಕೂ ಆಗುವ ಔಷಧಿ ಇದೆಯಾ? ಎಲ್ಲ 75ಕ್ಕೂ ಕುಡಿಸಿಬಿಡಲಾ? ಗಬ್ಬದವೂ ಇವೆ.

ಪಶುವೈದ್ಯ, ದಾವಣಗೆರೆ:
ಗಂಗಾವತಿಯವರ ಮಾತು ಒಪ್ಪುತ್ತೇನೆ, ನಾಲೆ ಬಯಲು ಎಂಬುದಕ್ಕೆ ನಾನು ತೂಕ ಕೊಡಲಿಲ್ಲ. ಕ್ಲೋಸೆಂಟಲ್ ಕೆಜಿಗೆ 10 ಮಿಲಿಗ್ರಾಂ ರಕ್ತ ಹೀರುವ ಹಿಮಾಂಕಸ್‌ಗೂ ಬಲಿತ ಚಪ್ಪಟೆ ಹುಳುವಿಗೂ ಕೆಲಸ ಮಾಡುತ್ತದೆ. 15% ದ್ರಾವಣವಾದರೆ 30 ಕೆಜಿಗೆ 2 ಎಂಎಲ್ ಮಾತ್ರ. ಇದರಲ್ಲಿ ಅಂದಾಜು ನಡೆಯುವುದಿಲ್ಲ, ಡೋಸ್ ಹೆಚ್ಚಾದರೆ ಕಣ್ಣಿನ ನರ ಹಾಳಾಗಿ ಕುರಿ ಕುರುಡಾಗುತ್ತದೆ. 5 ಎಂಎಲ್ ಅಭ್ಯಾಸದ ಕೈಯಲ್ಲಿ ಇದನ್ನು ಕೊಡಬೇಡಿ, ಸಣ್ಣ ಸಿರಿಂಜ್ ಬಳಸಿ. ಈಲಿಯೊಳಗೆ ಕೊರೆಯುತ್ತಿರುವ ಎಳೆ ಹುಳುವಿಗೆ ಇದು ನಾಟುವುದಿಲ್ಲ, ಅದಕ್ಕೆ ಟ್ರೈಕ್ಲಾಬೆಂಡಜೋಲ್ ಬೇಕು. ಗಬ್ಬದ ಕುರಿಗೆ ಕ್ಲೋಸೆಂಟಲ್ ಕೊಡಬಹುದು. ಆಲ್ಬೆಂಡಜೋಲ್ ಮಾತ್ರ ಟಗರು ಬಿಟ್ಟ ದಿನದಿಂದ ಗಬ್ಬದ ಮೊದಲ ತಿಂಗಳು ಮುಗಿಯುವ ತನಕ ಬೇಡ, ಮರಿ ಅಂಗವಿಕಲವಾಗುತ್ತದೆ.

75ಕ್ಕೂ ಬೇಡ. ಎಲ್ಲಕ್ಕೂ ಕುಡಿಸಿದರೆ ಉಳಿಯುವುದು ಔಷಧಿಗೆ ಜಗ್ಗದ ಹುಳು ಮಾತ್ರ, ಆಮೇಲೆ ಮೇವಿನ ತುಂಬಾ ಅದರದೇ ಸಂತತಿ. ಯಾವುದಕ್ಕೆ ಕುಡಿಸಬೇಕು ಎಂದು ಆರಿಸಲು ದಕ್ಷಿಣ ಆಫ್ರಿಕಾದಲ್ಲಿ ಸಿದ್ಧವಾದ ಫಮಾಚಾ ಪಟ್ಟಿ (ರೆಪ್ಪೆಯ ಒಳಬಣ್ಣ ಹೋಲಿಸಿ ನೋಡುವ ಬಣ್ಣದ ಕಾರ್ಡು) ಇದೆ. ಬಿಸಿಲಲ್ಲಿ ನಿಂತು, ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ, ಕೆಳ ರೆಪ್ಪೆ ಎಳೆದು ಒಳಬಣ್ಣ ನೋಡಿ. ಕಡುಗೆಂಪು 1, ಕಾಗದದಂತೆ ಬಿಳಿ 5. 4 ಮತ್ತು 5ಕ್ಕೆ ಖಂಡಿತ ಔಷಧಿ. ಗಬ್ಬದವು, ಹಾಲುಣಿಸುವವು, ಮರಿಗಳಾದರೆ 3ಕ್ಕೂ. 1, 2ನ್ನು ಬಿಟ್ಟುಬಿಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಇಡೀ ಮಂದೆ ನೋಡಬೇಕು. ಈ ಬಣ್ಣ ರಕ್ತ ಕಮ್ಮಿಯಾದದ್ದನ್ನು ಹೇಳುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ, ಹಾಗಾಗಿ ತಳ ಸೇರಿಸುವ ಪರೀಕ್ಷೆಯನ್ನು ತಪ್ಪಿಸಬೇಡಿ.

ಬಾವು ಬಂದವನ್ನು ಈಗ ದೂರ ಹೊಡೆಯಬೇಡಿ, ರಕ್ತವಿಲ್ಲದ ಕುರಿ ಓಡಿಸಿದರೆ ದಾರಿಯಲ್ಲೇ ಬೀಳುತ್ತದೆ. ನೆರಳಲ್ಲಿ ಕಟ್ಟಿ ಮೇವು ಹಾಕಿ, ದಿನಕ್ಕೆ 100ರಿಂದ 150 ಗ್ರಾಂ ಶೇಂಗಾ ಹಿಂಡಿ ಕೊಡಿ, ಕಳೆದ ಪ್ರೋಟೀನ್ ತುಂಬಬೇಕಲ್ಲ. ದನದ ಖನಿಜ ಮಿಶ್ರಣ ಕುರಿಗೆ ಬೇಡ, ಅದರ ತಾಮ್ರ ಈಲಿಯಲ್ಲಿ ಕೂಡಿಕೊಂಡು ವಿಷವಾಗುತ್ತದೆ. ಉಳಿದವನ್ನು ಇಬ್ಬನಿ ಆರಿದ ಮೇಲೆ ಬಿಡಿ, ನಾಲೆ ಅಂಚಿಗೆ ಬಿಡಬೇಡಿ. ಔಷಧಿ ಕೊಟ್ಟವನ್ನು ಸೀಸೆಯ ಮೇಲೆ ಬರೆದಿರುವ ಅವಧಿ ಮುಗಿಯುವ ತನಕ ಕಸಾಯಿಗೆ ಮಾರುವಂತಿಲ್ಲ, ಹಾಲನ್ನೂ ಬಳಸುವಂತಿಲ್ಲ.